ಹಗ್ಗ ಯಾಕೆ ಕೂಡಬೇಕು?

ಎರಡು ವಾರದ ಹಿಂದೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಇಪ್ಪತ್ತೆರಡು ವರ್ಷ. ಹಗಲು ಮೊಬೈಲ್ ರಿಪೇರಿ, ಶನಿವಾರ ಭಾನುವಾರ ಬರ್ತ್‌ಡೇ ಪಾರ್ಟಿಗಳಲ್ಲಿ ಜಾದೂ. ನಮ್ಮ ಹಾಲಿನಲ್ಲೇ ನಿಂತು ಹಗ್ಗದ ಐಟಂ ಮಾಡಿ ತೋರಿಸಿದ. ಕತ್ತರಿಸಿದ, ಗಂಟು ಹಾಕಿದ, ಗಂಟನ್ನೇ ಮಾಯ ಮಾಡಿದ, ನೋಡಿದರೆ ಹಗ್ಗ ಮತ್ತೆ ಮೊದಲಿನಂತೆ. ಕೈ ಎಷ್ಟು ಚೊಕ್ಕ ಅಂದರೆ ಮೂವತ್ತು ವರ್ಷದಿಂದ ಇದೇ ಹೊಟ್ಟೆಪಾಡು ಮಾಡಿಕೊಂಡಿರುವ ನನಗೇ ಒಂದು ಕಡೆ ಏನಾಯಿತು ಅಂತ ಗೊತ್ತಾಗಲಿಲ್ಲ. ಮುಗಿಸಿ ಸೋಫಾದ ತುದಿಯಲ್ಲಿ ಕೂತು ಕೇಳಿದ, "ಸರ್, ಚಪ್ಪಾಳೆ ಬರುತ್ತೆ. ಆದ್ರೆ ಊಟಕ್ಕೆ ಕೂರೋ ಹೊತ್ತಿಗೆ ನಾನು ಯಾರು ಅಂತಾನೇ ಮರೆತಿರ್ತಾರೆ. ಏನು ಕಮ್ಮಿ ಆಗ್ತಿದೆ?"

"ಆ ಹಗ್ಗ ಯಾಕೆ ಕೂಡಬೇಕು?" ಅಂದೆ.

"ಅಂದ್ರೆ?"

"ತುಂಡಾಗೇ ಉಳಿದ್ರೆ ಯಾರಿಗೇನು ನಷ್ಟ ಕಣಪ್ಪಾ? ಇಪ್ಪತ್ತು ರೂಪಾಯಿ ಹಗ್ಗ."

ಅವನು ಸುಮ್ಮನಾದ. ಪಾಪ, ಕೈಚಳಕದ ಬಗ್ಗೆ ಏನಾದರೂ ಹೇಳುತ್ತೇನೆ ಅಂತ ಬಂದಿದ್ದ. ಆದರೆ ನನಗೆ ಗೊತ್ತಿರುವ ಮಟ್ಟಿಗೆ ಜಾದೂವಿನಲ್ಲಿ ಕಥೆ ಅನ್ನೋದು ಶುರುವಾಗುವುದೇ ಈ ಪ್ರಶ್ನೆಯಿಂದ. ಸುಮ್ನೆ ಹಗ್ಗ ಕತ್ತರಿಸಿ ಕೂಡಿಸಿದರೆ, ನೋಡುವವನಿಗೆ ಉಳಿಯುವ ಕೆಲಸ ಒಂದೇ, ನಿಮ್ಮನ್ನು ಹಿಡಿಯುವುದು. ತೋಳಿನಲ್ಲಿದೆಯಾ, ಇನ್ನೊಂದು ತುಂಡು ಇದೆಯಾ, ಅಂತ ಅವನ ಕಣ್ಣು ಓಡುತ್ತಿರುತ್ತದೆ. ಅದೇ, ಆ ಹಗ್ಗ ಕೂಡಲೇಬೇಕು ಅಂತ ಆಸೆ ಪಡುವ ಒಬ್ಬ ಮನುಷ್ಯನನ್ನು ನೀವು ಮೊದಲು ತೋರಿಸಿದ್ದರೆ? ಆಗ ನೋಡುವವನೂ ಕೂಡಲಿ ಅಂತ ಕಾಯುತ್ತಾನೆ. ಹಿಡಿಯುವುದನ್ನು ಬಿಟ್ಟು ಕಾಯುತ್ತಾನಲ್ಲ, ಆ ಬದಲಾವಣೆಗೋಸ್ಕರವೇ ಕಥೆ ಬೇಕಾಗಿರುವುದು.

ಆದರೆ "ಕಥೆ ಸೇರಿಸು" ಅಂತ ಯಾರಿಗಾದರೂ ಹೇಳಲು ನನಗೆ ಹೆದರಿಕೆ. ಹೇಳಿದ ತಕ್ಷಣ ಏನು ಮಾಡುತ್ತಾರೆ ಗೊತ್ತಲ್ವಾ? ಕೇಸರಿ, ಬಿಳಿ, ಹಸಿರು, ಮೂರು ಸಿಲ್ಕ್ ಕರ್ಚೀಫು ತೆಗೆದುಕೊಂಡು, ದೇಶದ ಏಕತೆ ಬಗ್ಗೆ ನಾಲ್ಕು ಮಾತಾಡಿ, ತ್ರಿವರ್ಣ ಧ್ವಜ ಎಳೆದು ತೋರಿಸುತ್ತಾರೆ. ಆಗಸ್ಟ್ 15ಕ್ಕೆ ಶಾಲೆಗಳಲ್ಲಿ ನಾನೂ ವರ್ಷಗಟ್ಟಲೆ ಇದನ್ನು ಮಾಡಿದವನೇ. ಜೋರು ಚಪ್ಪಾಳೆ ಬರುತ್ತದೆ. ಆ ಚಪ್ಪಾಳೆ ಧ್ವಜಕ್ಕೆ ಬಂದದ್ದು, ನಿಮ್ಮ ಜಾದೂಗೆ ಬಂದದ್ದಲ್ಲ ಅಂತ ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು. ನನ್ನದೊಂದು ಪರೀಕ್ಷೆ ಇದೆ. ಅದೇ ಮಾತನ್ನು ತೆಗೆದು ಇನ್ನೊಂದು ಐಟಂಗೆ ಅಂಟಿಸಿ ನೋಡಿ, ಇಸ್ಪೀಟಿಗೆ, ಬಳೆಗೆ, ಹೂವಿನ ಕುಂಡಕ್ಕೆ. ಎಲ್ಲದಕ್ಕೂ ಹೊಂದಿಕೊಂಡರೆ ಅದು ಆ ಐಟಂನ ಕಥೆ ಅಲ್ಲ. ಮದುವೆ ಮನೆಯಲ್ಲಿ ಬಾಡಿಗೆಗೆ ಸಿಗುವ ಶೇರ್ವಾನಿ, ಯಾರಿಗೆ ಬೇಕಾದರೂ ಆಗುತ್ತದೆ.

ಸರಿಯಾದದ್ದು ಹೇಗಿರುತ್ತದೆ ಅಂತ ಕೇಳಿದರೆ ನಾನು ಯಾವಾಗಲೂ 1847ರ ಪ್ಯಾರಿಸ್ಸಿನದ್ದೇ ಉದಾಹರಣೆ ಕೊಡುವುದು. ರಾಬರ್ಟ್ ಹೂಡಾನ್, ಈಗಿನ ಸ್ಟೇಜ್ ಮ್ಯಾಜಿಕ್ಕಿಗೆಲ್ಲ ಮೂಲಪುರುಷ ಅನ್ನುತ್ತಾರಲ್ಲ, ಅವರು. ಅದಕ್ಕೆ ಸ್ವಲ್ಪ ಮುಂಚೆ, 1846ರ ಅಕ್ಟೋಬರಿನಲ್ಲಿ, ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದ್ದರು. ಮನುಷ್ಯನಿಗೆ ನೋವೇ ಆಗದಂತೆ ಮಾಡುವ ದ್ರವ! ಯುರೋಪಿನಲ್ಲೆಲ್ಲ ಅದೇ ಮಾತು. ಹೂಡಾನ್ ಇದನ್ನು ಹಿಡಿದರು. ತಮ್ಮ ಮಗನನ್ನೇ ಸ್ಟೇಜಿಗೆ ಕರೆತಂದು, ಈಥರಿಗೆ ಇನ್ನೊಂದು ಗುಣ ಇದೆ, ಮೂಸಿದ ಮನುಷ್ಯನ ದೇಹ ಬಲೂನಿನಂತೆ ಹಗುರ ಆಗುತ್ತದೆ ಅಂತ ವಿಜ್ಞಾನಿಯ ಗತ್ತಿನಲ್ಲಿ ಹೇಳಿದರು. ಹುಡುಗನ ಮೂಗಿಗೆ ಸೀಸೆ ಹಿಡಿದರು. ಹುಡುಗ ಸೋತು ವಾಲಿದ. ಆಮೇಲೆ ಒಂದು ಕೋಲಿನ ತುದಿಗೆ ಮೊಣಕೈ ಊರಿಕೊಂಡು ಗಾಳಿಯಲ್ಲಿ ಅಡ್ಡಡ್ಡ ಮಲಗಿದ.

ನನಗೆ ಇಷ್ಟವಾದ ಭಾಗ ಇನ್ನೂ ಇದೆ. ಸೀಸೆ ಖಾಲಿ. ಆದರೆ ಪರದೆಯ ಹಿಂದೆ ಒಬ್ಬ ಸಹಾಯಕ ಕಾದ ಕಬ್ಬಿಣದ ಸಲಿಕೆಯ ಮೇಲೆ ನಿಜವಾದ ಈಥರ್ ಸುರಿಯುತ್ತಿದ್ದ. ವಾಸನೆ ಥಿಯೇಟರ್ ತುಂಬಾ. ಕಣ್ಣಿಗೆ ಮೋಸ ಮಾಡಬಹುದು, ಮೂಗು ನಂಬಿಬಿಡುತ್ತದೆ. ಮಗುವಿನ ಆರೋಗ್ಯ ಹಾಳು ಮಾಡುತ್ತಿದ್ದೀರಿ, ನೀವೆಂಥ ಅಪ್ಪ ಅಂತ ಜನ ಅವರಿಗೆ ಪತ್ರ ಬರೆದರಂತೆ. ಜಾದೂಗಾರನಿಗೆ ಇದಕ್ಕಿಂತ ದೊಡ್ಡ ಚಪ್ಪಾಳೆ ಉಂಟಾ?

ಹೆಚ್ಚುಕಡಿಮೆ ಅಂಥದೇ ದೃಶ್ಯ ಅದಕ್ಕೂ ಮುಂಚೆ, 1830ರ ಆಚೀಚೆ, ನಮ್ಮ ಪಕ್ಕದ ಮದ್ರಾಸಿನಲ್ಲೇ ನಡೆದಿತ್ತು. ಶೇಷಾಲ್ ಅಂತ ಇಂಗ್ಲಿಷರು ಬರೆದಿಟ್ಟಿರುವ ಒಬ್ಬ ಬ್ರಾಹ್ಮಣ ಮುದುಕ, ಒಂದು ಕೋಲಿನ ಮೇಲೆ ಕೈ ಇಟ್ಟುಕೊಂಡು, ನೆಲ ಬಿಟ್ಟು ಗಾಳಿಯಲ್ಲಿ ಕೂತು ಜಪ ಮಾಡುತ್ತಿದ್ದ. ಅಲ್ಲಿ ಅದು ತಪಸ್ಸು, ಪ್ಯಾರಿಸ್ಸಿನಲ್ಲಿ ವಿಜ್ಞಾನ. ಆಯಾ ಊರಿನವರು ಒಳಗೊಳಗೇ ಯಾವುದನ್ನು ಅರ್ಧ ನಂಬಿದ್ದರೋ, ಅರ್ಧ ಹೆದರಿದ್ದರೋ, ಕಥೆ ಅಲ್ಲಿಂದ ಎದ್ದಿತ್ತು.

ಇನ್ನು ನನ್ನದೇ ಐಟಂ ಒಂದನ್ನು ಹೇಳುತ್ತೇನೆ. ದಾರದ ಐಟಂ. ಒಂದು ಮಾರು ಉದ್ದದ ಹೊಲಿಗೆ ದಾರ, ತುಂಡು ತುಂಡು ಮಾಡುವುದು, ಉಂಡೆ ಕಟ್ಟುವುದು, ಎಳೆದರೆ ಮತ್ತೆ ಇಡೀ ದಾರ. ಹಳೇ ಐಟಂ, ಇಂಗ್ಲಿಷಿನಲ್ಲಿ ಇದಕ್ಕೆ ಹಿಂದೂ ಥ್ರೆಡ್ ಅಂತಲೂ ಹೆಸರಿದೆ. ಷಿಕಾಗೋದ ಯೂಜೀನ್ ಬರ್ಗರ್ ಅನ್ನುವವರು, 2017ರಲ್ಲಿ ತೀರಿಕೊಂಡರು, ಇದನ್ನು ಬ್ರಹ್ಮ, ವಿಷ್ಣು, ಶಿವರ ಕಥೆಯ ಜೊತೆ ಮಾಡುತ್ತಿದ್ದರು. ಸೃಷ್ಟಿ, ಸ್ಥಿತಿ, ಲಯ, ಮತ್ತೆ ಸೃಷ್ಟಿ. ಉದ್ದ ಗಡ್ಡ, ಗಡಸು ದನಿ, ಯೇಲ್‌ನಲ್ಲಿ ಧರ್ಮಶಾಸ್ತ್ರ ಓದಿದವರು. ಮೊದಲ ಸಲ ವಿಡಿಯೋ ನೋಡಿದಾಗ ನನಗೆ ನಿಜ ಹೇಳಬೇಕೆಂದರೆ ಸ್ವಲ್ಪ ನಾಚಿಕೆಯೇ ಆಯಿತು. ದಿನಾ ಕೈ ಮುಗಿಯುವ ನಮಗೆ ಹೊಳೆಯದೇ ಇದ್ದದ್ದು ಅವರಿಗೆ ಹೊಳೆದಿತ್ತು. ಮಾರನೇ ದಿನವೇ ಅದನ್ನು ಕನ್ನಡಕ್ಕೆ ತಂದು ಮಾಡಿದೆ. ಜನಕ್ಕೆ ತಟ್ಟಲೇ ಇಲ್ಲ! ನಮ್ಮ ಜನಕ್ಕೆ ತ್ರಿಮೂರ್ತಿಗಳ ಕಥೆ ಗೊತ್ತಿರುವುದೇ, ಹರಿಕಥೆ ದಾಸರು ನನಗಿಂತ ಸಾವಿರ ಪಾಲು ಚೆನ್ನಾಗಿ ಹೇಳುತ್ತಾರೆ. ಅವರ ಕಥೆ ಅವರ ಬಾಯಲ್ಲೇ ಚೆಂದ.

ಆಮೇಲೆ ಒಂದು ದಿನ ದಾರ ಹರಿಯುತ್ತಾ ಅಭ್ಯಾಸ ಮಾಡುತ್ತಿದ್ದಾಗ, ಕೆಳಗೆ ಬಿದ್ದ ತುಂಡುಗಳನ್ನು ನಾನೇ ಆರಿಸಿ ಆರಿಸಿ ಮೇಜಿನ ಮೇಲೆ ಇಡುತ್ತಿರುವುದು ಕಂಡಿತು. ಯಾಕೆ ಇಡುತ್ತಿದ್ದೇನೆ? ಅಮ್ಮನ ಅಭ್ಯಾಸ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಗೇಣಿಗಿಂತ ಉದ್ದದ ತುಂಡು ದಾರ ಎಸೆಯುವಂತಿರಲಿಲ್ಲ. ಖಾಲಿ ಪೌಡರ್ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಗಿರಾಕಿಗಳ ಬಟ್ಟೆಗೆ ಹೊಸ ರೀಲು, ತನ್ನ ಸೀರೆಗೆ ಆ ಡಬ್ಬಿಯ ತುಂಡುಗಳು.

ಈಗ ಸ್ಟೇಜಿನ ಮೇಲೆ ನಾನು ಹೆಚ್ಚು ಮಾತಾಡುವುದಿಲ್ಲ. ಪೌಡರ್ ಡಬ್ಬಿ ತೋರಿಸಿ ಇಷ್ಟು ಹೇಳುತ್ತೇನೆ. ಆಮೇಲೆ ಒಂದೊಂದೇ ತುಂಡು ಹರಿಯುತ್ತೇನೆ. "ಇದು ನನ್ನ ಯೂನಿಫಾರ್ಮಿನ ಗುಂಡಿಗೆ. ಇದು ಪಕ್ಕದ ಮನೆ ಅಕ್ಕನ ಹುಕ್ಕಿಗೆ. ಇದು ಮೇಷ್ಟ್ರ ಅಂಗಿ ಕಾಜಾಕ್ಕೆ. ಇದು ಯಾರದೋ ಮದುವೆ ಸೀರೆ ಫಾಲಿಗೆ." ತುಂಡುಗಳನ್ನೆಲ್ಲ ಸೇರಿಸಿ, ಅಮ್ಮ ಸೂಜಿಗೆ ಪೋಣಿಸುವ ಮುಂಚೆ ಬೆರಳಲ್ಲಿ ಹೊಸೆಯುತ್ತಿದ್ದಳಲ್ಲ, ಹಾಗೆ ಹೊಸೆಯುತ್ತೇನೆ. "ಇದು ಅಮ್ಮನ ಸೀರೆಗೆ" ಅನ್ನುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ನಿಧಾನಕ್ಕೆ ಎಳೆಯುತ್ತೇನೆ. ಇಡೀ ದಾರ ಬಿಚ್ಚಿಕೊಳ್ಳಲು ಎಂಟು ಸೆಕೆಂಡು ಬೇಕು. ಆ ಎಂಟು ಸೆಕೆಂಡಿನಲ್ಲಿ ಒಂದು ಮಾತೂ ಇಲ್ಲ, ಮ್ಯೂಸಿಕ್ಕೂ ಇಲ್ಲ. ಕೊಳಲು ಹಾಕೋಣವಾ ಅಂತ ಸೌಂಡಿನವರು ಕೇಳುತ್ತಲೇ ಇರುತ್ತಾರೆ. ಬೇಡ.

ಇದರಲ್ಲಿ ನಮ್ಮ ಕಸುಬಿನವರು ಗಮನಿಸಬೇಕಾದ್ದು ಬೇರೆ ಒಂದಿದೆ. ಮುಂಚೆ ನಾನು ದಾರವನ್ನು ಉಂಡೆ ಮಾಡುವಾಗ ಎಲ್ಲರ ಕಣ್ಣೂ ನನ್ನ ಬೆರಳ ಮೇಲೇ ಇರುತ್ತಿತ್ತು, ಯಾಕೆಂದರೆ ಉಂಡೆ ಮಾಡುವುದಕ್ಕೆ ಕಾರಣವೇ ಇರಲಿಲ್ಲ. ಕಾರಣವಿಲ್ಲದೆ ಕೈ ಅಲ್ಲಾಡಿದರೆ ಜನಕ್ಕೆ ಅನುಮಾನ. ಈಗ ಆ ಹೊಸೆಯುವುದು ಅಮ್ಮನದು. ಬೆರಳು ಅದೇ, ಕೆಲಸ ಅದೇ, ಗುಟ್ಟೂ ಅದೇ, ಆದರೆ ಯಾರೂ ಅದನ್ನು ಹಿಡಿಯಲು ಹೋಗುವುದಿಲ್ಲ. ಹೂಡಾನರ ಹುಡುಗ ಸೀಸೆ ಮೂಸಿ ವಾಲಿದ್ದೂ ಹೀಗೇ. ಕಥೆ ಮನಸ್ಸನ್ನು ತಟ್ಟುವುದಷ್ಟೇ ಅಲ್ಲದೆ ಕೈಗೂ ಒಂದು ನೆವ ಕೊಡುತ್ತದೆ.

ಮರೆತಿದ್ದೆ, ಒಂದು ಕೆಟ್ಟ ಅನುಭವವನ್ನೂ ಹೇಳಬೇಕು. ಮರೆತಿದ್ದೆ ಅಂದರೆ ಸುಳ್ಳು, ಬರೆಯಲೋ ಬೇಡವೋ ಅಂತ ನೋಡುತ್ತಿದ್ದೆ. ದಾರಕ್ಕೆ ಮುಂಚೆ ನನ್ನ ಹತ್ತಿರ ಒಂದು ನಾಲ್ಕಾಣೆಯ ಐಟಂ ಇತ್ತು. ಏಳನೇ ವಯಸ್ಸಿಗೆ ತೀರಿಕೊಂಡ ನನ್ನ ತಮ್ಮ, ಅವನ ಜೇಬಿನಲ್ಲಿದ್ದ ನಾಲ್ಕಾಣೆ, ಅದು ಮಾಯವಾಗಿ ಎಲ್ಲೆಲ್ಲೋ ಸಿಗುವುದು, ಕೊನೆಗೆ ನನ್ನ ಜೇಬಿಗೇ ವಾಪಸ್ಸು. ಹಾಲ್ ಗಪ್‌ಚುಪ್ ಆಗುತ್ತಿತ್ತು, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೆ ಒಳಗೊಳಗೇ ಜಂಬ. ದಾವಣಗೆರೆ ಕಡೆ ಒಂದು ಛತ್ರದಲ್ಲಿ ಶೋ ಮುಗಿಸಿ ಪೆಟ್ಟಿಗೆಗಳನ್ನು ಟೆಂಪೋಗೆ ಹಾಕುತ್ತಿದ್ದೆವು. ಐವತ್ತರ ಆಸುಪಾಸಿನ ಒಬ್ಬರು ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದರು. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ನಿಮ್ ತಾಯಿ ಹೆಂಗ್ ತಡ್ಕೊಂಡ್ರು ಸಾರ್? ನಮ್ ಹುಡುಗ ಹೋಗಿ ನಾಕು ತಿಂಗ್ಳಾತು. ನಮ್ ಮನೆಯಾಕೆ ಸರಿಯಾಗಿ ಊಟಾನೇ ಮಾಡ್ತಿಲ್ಲ."

ನನಗೆ ತಮ್ಮನೇ ಇಲ್ಲ. ನಾನೊಬ್ಬನೇ ಮಗ.

ಆ ಮನುಷ್ಯನಿಗೆ ಏನು ಹೇಳಿದೆ ಅಂತ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಸುಳ್ಳೇ ಹೇಳಿದೆ ಅಂತ ಊಹಿಸಿಕೊಳ್ಳಿ. ಆ ಐಟಂ ಮತ್ತೆ ಮಾಡಿಲ್ಲ. ಕೈಯಲ್ಲಿ ಸುಳ್ಳು ಹೇಳಲು ಜನ ನಮಗೆ ದುಡ್ಡು ಕೊಡುತ್ತಾರೆ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಸತ್ತವರ ವಿಷಯ ಆ ಒಪ್ಪಂದದಲ್ಲಿ ಇಲ್ಲ. ರಾಜನ ಕಥೆ ಹೇಳಿ, ನೇಕಾರನ ಕಥೆ ಹೇಳಿ, ಬ್ರಹ್ಮ ವಿಷ್ಣು ಹೇಳಿ, ಅದು ಕಥೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. "ನಮ್ಮಮ್ಮ", "ನನ್ನ ತಮ್ಮ" ಅಂದರೆ ಮಾತ್ರ ಅದು ನಿಜವಿರಲಿ. ಒಪ್ಪದ ಜಾದೂಗಾರರು ಬಹಳ ಜನ ಇದ್ದಾರೆ, ನಾಟಕದವರು ಅಳುವುದಿಲ್ಲವಾ ಅಂತ ಜಗಳವಾಡುತ್ತಾರೆ. ಆಡಲಿ. ಅವರು ಗೇಟಿನ ಹತ್ತಿರ ನಿಂತಿರಲಿಲ್ಲ.

ಇನ್ನು ಸಣ್ಣಪುಟ್ಟ ವಿಷಯ. ಶೋ ಶುರುವಿನಲ್ಲೇ ಇಂಥ ಐಟಂ ಇಡಬೇಡಿ. ಮೊದಲ ಹತ್ತು ನಿಮಿಷ ಜನ ನಿಮ್ಮನ್ನು ಅಳೆಯುತ್ತಿರುತ್ತಾರೆ, ಆಗ ಬೇಗ ಬೇಗ ಎರಡು ಮೂರು ಗಟ್ಟಿ ಐಟಂ ಕೊಟ್ಟುಬಿಡಿ. ಕಂಪನಿಗಳ ಪಾರ್ಟಿಯಲ್ಲಿ, ಒಂದು ಕಡೆ ಬಫೆ ತೆರೆದಿದ್ದರೆ, ದಾರ ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಕೈಯಲ್ಲಿ ಕೆಂಪು ಕರ್ಚೀಫು ಹಿಡಿದುಕೊಂಡು "ನೋಡಿ, ನನ್ನ ಕೈಯಲ್ಲಿ ಒಂದು ಕೆಂಪು ಕರ್ಚೀಫು ಇದೆ" ಅನ್ನುವ ಚಾಳಿ ಬಿಡಿ, ಜನಕ್ಕೆ ಕಣ್ಣಿದೆ. ಮಕ್ಕಳ ಮುಂದೆ ಮಾತ್ರ ಹುಷಾರು. ಕಥೆಯಲ್ಲಿ ಮೊಲದ ಹೆಸರು ಒಂದು ಸಲ ಚಿಂಟು, ಇನ್ನೊಂದು ಸಲ ಪಿಂಟು ಆದರೆ ಮುಂದಿನ ಸಾಲಿನಲ್ಲೇ ಕೂತವನು ಎದ್ದು ನಿಂತು ಸರಿ ಮಾಡುತ್ತಾನೆ.

ಮುಗಿಸುವುದು ಎಲ್ಲಿ ಅನ್ನುವುದೇ ಕಷ್ಟ. ಚಿಕ್ಕವನಿದ್ದಾಗ ಅರಸೀಕೆರೆ ಹತ್ತಿರದ ನಮ್ಮೂರ ಸಂತೆಗೆ ಗಾರುಡಿಗ ಬರುತ್ತಿದ್ದ. ಗೂಟಕ್ಕೆ ಕಟ್ಟಿದ ಮುಂಗುಸಿ, ಮುಚ್ಚಿದ ಬುಟ್ಟಿ. ಈಗ ಬಿಡ್ತೀನಿ, ಇಗೋ ಬಿಟ್ಟೆ, ಅನ್ನುತ್ತಾ ಹಾವಿನ ದ್ವೇಷದ ಕಥೆ, ಮುಂಗುಸಿಯ ಕಥೆ, ತನ್ನ ಗುರುವಿನ ಕಥೆ, ಮಧ್ಯೆ ತಾಯಿತ ಮಾರಾಟ. ಆ ಹಾವು ಮುಂಗುಸಿ ಜಗಳವನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ಪ್ರತಿ ಸಂತೆಗೂ ಓಡುತ್ತಿದ್ದೆ. ಬಂಗಾಳದ ಹೆಸರಾಂತ ಜಾದೂಗಾರ ಪಿ. ಸಿ. ಸರ್ಕಾರ್ ಕೂಡ ಲಂಡನ್ನಿನಲ್ಲಿ ಇದೇ ಗಾರುಡಿಗನ ಕೆಲಸ ಮಾಡಿದರು ಅಂತ ನನಗೆ ಅನ್ನಿಸುತ್ತದೆ. 1956ರ ಏಪ್ರಿಲ್ 9, ಬಿಬಿಸಿಯಲ್ಲಿ ನೇರ ಪ್ರಸಾರ. ಹದಿನೇಳು ವರ್ಷದ ಸಹಾಯಕಿಯ ಸೊಂಟದ ಮೇಲೆ ದೊಡ್ಡ ಗರಗಸದ ಚಕ್ರ ಓಡಿಸಿದರು, ಆಮೇಲೆ ಕೈ ಹಿಡಿದು ಎಬ್ಬಿಸಲು ನೋಡಿದರು, ಅವಳು ಏಳಲಿಲ್ಲ. ಅಷ್ಟರಲ್ಲಿ ನಿರೂಪಕರು ಕ್ಯಾಮೆರಾ ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಅಂದುಬಿಟ್ಟರು. ಹುಡುಗಿ ಸತ್ತೇ ಹೋದಳು ಅಂತ ಬಿಬಿಸಿಗೆ ಫೋನೋ ಫೋನು. ಮಾರನೇ ದಿನ ಪೇಪರುಗಳಲ್ಲಿ ಅದೇ ಸುದ್ದಿ, ಸರ್ಕಾರರ ಥಿಯೇಟರ್ ಟಿಕೆಟ್ಟುಗಳು ಖಾಲಿ. ಕೊನೆ ಒಂದನ್ನು ತಡೆಹಿಡಿದದ್ದಕ್ಕೆ ಅಷ್ಟು!

ಆ ಹುಡುಗ ಮೊನ್ನೆ ರಾತ್ರಿ ಫೋನ್ ಮಾಡಿದ್ದ. ಕಥೆ ಸಿಕ್ಕಿತಂತೆ. ಅವನ ಅಜ್ಜ ಬಾವಿಗೆ ತಾನೇ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರಂತೆ. ಅಪ್ಪನೂ ಚಿಕ್ಕಪ್ಪನೂ ಮನೆ ಪಾಲಾದ ದಿನ ಆ ಹಗ್ಗವನ್ನೂ ಅಳೆದು ಎರಡು ತುಂಡು ಮಾಡಿಕೊಂಡರಂತೆ. ಎರಡು ತುಂಡೂ ಬಾವಿಯ ನೀರಿಗೆ ಎಟಕುತ್ತಿರಲಿಲ್ಲ.

"ಆದ್ರೆ ಸರ್, ಅವರು ಆಮೇಲೆ ಒಂದಾಗ್ಲೇ ಇಲ್ಲ. ಈಗ್ಲೂ ಮಾತಾಡಲ್ಲ. ನಾನು ಸ್ಟೇಜಲ್ಲಿ ಹಗ್ಗ ಕೂಡಿಸಿದ್ರೆ ಅದು ಸುಳ್ಳಾಗಲ್ವಾ?"

ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಭಾನುವಾರ ಬಾ, ಹತ್ತು ಅಡಿ ಹಗ್ಗ ತಗೊಂಡು ಬಾ, ಹತ್ತಿಯದ್ದು ಬೇಡ ನಾರಿನದ್ದೇ ಇರಲಿ, ಮಾಡಿ ನೋಡೋಣ ಅಂದಿದ್ದೇನೆ.