ಒಳಗೆ ಬಂದ ನೀರು ಹೊರಗೆ ಹೇಗೆ ಹೋಗಬೇಕು?

ಮಹಾಬಳೇಶ್ವರಕ್ಕೆ ಹೋಗಿ ಬಂದ ಸ್ನೇಹಿತರೊಬ್ಬರು ಮೊನ್ನೆ ಪುಣೆಯಲ್ಲಿ ಸಿಕ್ಕಿದ್ದರು. ಮೂಲ ಹುಬ್ಬಳ್ಳಿಯವರು, ಈಗ ಕೋಥ್ರೂಡಿನಲ್ಲಿ ಮನೆ. ಸ್ಟ್ರಾಬೆರಿ ಡಬ್ಬಿ ಕೈಗಿಟ್ಟು ಒಂದು ಪ್ರಶ್ನೆ ಕೇಳಿದರು: "ಅಲ್ಲಿ ಹಳೇ ಬಂಗಲೆಗಳ ಗೋಡಿ ಎಲ್ಲಾ ಪುಡಿಪುಡಿ ಆಗಿ ಬೀಳಾಕತ್ತಾವಲ್ರಿ, ಯಾಕ? ವಯಸ್ಸಾತು ಅಂತನ?"

ವಯಸ್ಸು ಕಾರಣ ಅಲ್ಲ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಸಹ್ಯಾದ್ರಿಯ ಈ ಊರುಗಳಲ್ಲಿ ಏಣಿ ಹತ್ತಿ ಇಳಿಯುತ್ತಿದ್ದೇನೆ. ನಾನು ನೋಡಿದ ಕೆಟ್ಟ ಗೋಡೆಗಳಲ್ಲಿ ಜಾಸ್ತಿ ಪಾಲು ಕೆಟ್ಟಿದ್ದು ಇತ್ತೀಚಿನ ರಿಪೇರಿಯಿಂದ. ಅದರಲ್ಲಿ ಒಂದು ಗೋಡೆಯನ್ನು ನಾನೇ ಕೆಡಿಸಿದ್ದೇನೆ, ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಊರಿನ ಬಗ್ಗೆ ಒಂದೆರಡು ಮಾತು. ನಾವು ಇವತ್ತು ಮಹಾಬಳೇಶ್ವರ ಅಂತ ಹೋಗಿ ಇಳಿಯುವ ಪೇಟೆ, ಕೃಷ್ಣೆ ಹುಟ್ಟುವ ಕ್ಷೇತ್ರ ಮಹಾಬಳೇಶ್ವರ ಅಲ್ಲ. ಅದು ಇಲ್ಲಿಂದ ಕೆಲವು ಕಿಲೋಮೀಟರ್ ಆಚೆ ಇದೆ. ಈ ಪೇಟೆ ಬೆಳೆದದ್ದು 1828ರ ನಂತರ, ಮುಂಬಯಿ ಗವರ್ನರ್ ಆಗಿದ್ದ ಜಾನ್ ಮಾಲ್ಕಮ್ ಕಾಲದಲ್ಲಿ. ಸಾತಾರದ ಪ್ರತಾಪಸಿಂಹ ಮಹಾರಾಜರಿಂದ ಜಾಗ ಪಡೆದು ಕಟ್ಟಿದ್ದು, ಅದಕ್ಕೇ ಮಾಲ್ಕಮ್ ಪೇಟ್ ಎಂಬ ಹೆಸರು. ಮುಂಬಯಿಯ ಸೆಕೆ ತಡೆಯಲಾರದ ಬ್ರಿಟಿಷರು ಬೇಸಿಗೆಯಲ್ಲಿ ಇಲ್ಲಿಗೆ ಹತ್ತಿ ಬರುತ್ತಿದ್ದರು. ಅವರ ಹಿಂದೆಯೇ ಬಂಗಲೆಗಳು ಬಂದವು. 1842ರಲ್ಲಿ ಕ್ರೈಸ್ಟ್ ಚರ್ಚ್ ಬಂತು, 1864ರಲ್ಲಿ ಓದುಕೋಣೆ ಮತ್ತು ಗ್ರಂಥಾಲಯಕ್ಕಾಗಿ ಫ್ರಿಯರ್ ಹಾಲ್ ಬಂತು. ಪಕ್ಕದ ಊರು ಪಂಚಗಣಿಯ ಚರ್ಚು ಮತ್ತು ಹಳೇ ಬೋರ್ಡಿಂಗ್ ಶಾಲೆಗಳದ್ದು ಇದೇ ಕುಟುಂಬ, ಸ್ವಲ್ಪ ಕಿರಿಯ ತಲೆಮಾರು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಇವತ್ತಿನ ಮಾಮೂಲಿ ಸಿಮೆಂಟಿಗೆ, ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ನಮ್ಮ ದೇಶದಲ್ಲಿ ಸಿಮೆಂಟ್ ತಯಾರಾಗಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಅಂದರೆ ಈ ಗೋಡೆಗಳು ಎದ್ದಿದ್ದು ಸಿಮೆಂಟಿನಿಂದ ಅಲ್ಲ. ಇದ್ದದ್ದು ಕಲ್ಲು, ಸುಣ್ಣ, ಮರ.

ಆ ಕಲ್ಲು ಯಾವುದು ಗೊತ್ತಾ? ನಮ್ಮದೇ ಕಲ್ಲು. ನಾನು ಶಿರಸಿ ಕಡೆಯವನು, ನಮ್ಮಲ್ಲಿ ಚಿರೆಕಲ್ಲು ಅನ್ನುತ್ತೇವೆ. ಮಂಗಳೂರಿನವರಿಗೆ ಅದು ಮುರಕಲ್ಲು, ಪಠ್ಯಪುಸ್ತಕದಲ್ಲಿ ಜಂಬಿಟ್ಟಿಗೆ, ಮರಾಠಿಯಲ್ಲಿ ಜಾಂಭಾ. ಮಹಾಬಳೇಶ್ವರದ ಬೆಟ್ಟ ಪೂರ್ತಿ ಕಪ್ಪು ಕಲ್ಲಿನದು, ಆದರೆ ನೆತ್ತಿಯ ಮೇಲೆ ಈ ಕೆಂಪು ಕಲ್ಲಿನ ಟೊಪ್ಪಿಗೆ ಇದೆ. ನೆಲದಿಂದ ಕಡಿದು ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಮೈ ತುಂಬ ತೂತು. ಕ್ಷೇತ್ರ ಮಹಾಬಳೇಶ್ವರದ ಕೃಷ್ಣಾಬಾಯಿ ಗುಡಿ ಕಪ್ಪು ಕಲ್ಲಿನದು, ಅದು ನೀರು ಕುಡಿಯುವುದು ತೀರಾ ಕಡಿಮೆ. ಚಿರೆಕಲ್ಲು ಹಾಗಲ್ಲ, ಸ್ಪಂಜಿನ ಹಾಗೆ ಹೀರುತ್ತದೆ.

ಈಗ ಮಳೆ ಲೆಕ್ಕ ನೋಡಿ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಮಹಾಬಳೇಶ್ವರದಲ್ಲಿ 5000ಕ್ಕಿಂತ ಹೆಚ್ಚು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವ ಮಳೆ. ಅಂಥ ಮಳೆಯಲ್ಲಿ ಯಾವ ಗೋಡೆಯೂ ಒಣಗಿರುವುದಿಲ್ಲ. ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಕಲ್ಲಿನ ಸಂದಿಗೆ ಸುಣ್ಣದ ಗಾರೆ, ಮೇಲೆ ಗಾರೆ ಗಿಲಾವು, ಅದರ ಮೇಲೆ ಸುಣ್ಣದ ಬಳಿತ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ಅಕ್ಟೋಬರ್ ದಾಟಿದ ಮೇಲೆ ಬಿಸಿಲು ಗಾಳಿಗೆ ಅದೇ ನೀರು ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಹೋಗುವಾಗ ಕಲ್ಲು ಮಣ್ಣಿನಲ್ಲಿರುವ ಉಪ್ಪನ್ನು ಹೊತ್ತು ತಂದು ಗಾರೆಯಲ್ಲಿ ಬಿಡುತ್ತದೆ. ಕೆಲವು ವರ್ಷಕ್ಕೆ ಗಾರೆ ಉದುರುತ್ತದೆ, ಹೊಸದಾಗಿ ಬಳಿಯುತ್ತೇವೆ. ಗಾರೆ ಸವೆಯುವುದೇ ಕಲ್ಲು ಉಳಿಯಲಿ ಅಂತ.

ಮಳೆ ಶುರುವಾಗುವ ಮೊದಲು ಇಲ್ಲಿನ ಮನೆಗಳ ಸುತ್ತ ಹುಲ್ಲಿನ ತಟ್ಟಿ ಕಟ್ಟುವ ಪದ್ಧತಿಯೂ ಇತ್ತು. ಮೊದಲ ಸಲ ಇದನ್ನು ಕೇಳಿದಾಗ ನಮ್ಮಜ್ಜನ ಮನೆ ನೆನಪಾಗಿ ಕಣ್ಣು ತುಂಬಿತು. ನಮ್ಮಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಅಷ್ಟೇ ವ್ಯತ್ಯಾಸ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೆಲಸ ಶುರು ಮಾಡಿದ ಹೊಸತು. ಒಂದು ಹಳೇ ಬಂಗಲೆಯ ದುರಸ್ತಿ ಸಿಕ್ಕಿತು. ಮಾಲೀಕರಿಗೆ ಸೀಸನ್ ಒಳಗೆ ಮುಗಿಯಬೇಕಿತ್ತು. ಉದುರುತ್ತಿದ್ದ ಗಾರೆ ಕೆರೆಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. ಮೊದಲ ವರ್ಷ ಥಳಥಳ ಹೊಳೆಯುತ್ತಿತ್ತು. ಮೂರನೇ ಮಳೆಗಾಲ ಮುಗಿದ ಮೇಲೆ ಕರೆ ಬಂತು. ಹೋಗಿ ನೋಡಿದರೆ ಗೋಡೆ ತುಂಬ ಬೊಬ್ಬೆ. ನಮ್ಮ ಗೌಂಡಿ, ಅಂದರೆ ಗಾರೆ ಮೇಸ್ತ್ರಿ, ಸುತ್ತಿಗೆಯಿಂದ ಒಂದೇಟು ಕೊಟ್ಟರು, ಹಾಸುಗಲ್ಲಿನಷ್ಟು ದೊಡ್ಡ ಪ್ಲಾಸ್ಟರ್ ಚಕ್ಕೆ ಕಳಚಿ ಬಿತ್ತು, ಅದರ ಬೆನ್ನಿಗೆ ಕಲ್ಲಿನ ಮುಖವೇ ಅಂಟಿಕೊಂಡಿತ್ತು. ಒಳಗಿನ ಚಿರೆಕಲ್ಲು ಬೆರಳಲ್ಲಿ ಒತ್ತಿದರೆ ಒದ್ದೆ ಮಣ್ಣಿನ ಹಾಗೆ ಕುಸಿಯಿತು.

ಆ ಗೌಂಡಿ ವಿಜಯಪುರದ ಸಿಂದಗಿ ಕಡೆಯವರು. ಪುಣೆಯ ಕಟ್ಟಡ ಕೆಲಸಗಳಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಷ್ಟು ಜನ ಇದ್ದಾರೆ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಅವರು ಗೋಡೆ ನೋಡುತ್ತಾ ಮೆಲ್ಲಗೆ ಕೇಳಿದರು: "ನೀರು ಒಳಗ ಬರಬಾರದು ಅಂತ ಸಿಮೆಂಟ್ ಬಳಸಿದ್ರಿ, ಖರೆ. ಆದ್ರ ಒಳಗ ಬಂದದ್ದು ಹೊರಗ ಹ್ಯಾಂಗ ಹೋಗಬೇಕ್ರಿ ಸಾಹೇಬ್ರ?"

ನನ್ನ ಓದಿನಲ್ಲಿ ಯಾರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಸಿಮೆಂಟ್ ಗಟ್ಟಿ, ಆದರೆ ಗೋಡೆ ಸ್ವಲ್ಪ ಅಲುಗಿದರೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ, ಗೋಡೆಯ ನೆತ್ತಿಯಿಂದ, ನೆಲದಿಂದ ನೀರು ಒಳಗೆ ಬಂದೇ ಬರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಉಪ್ಪು ಕಲ್ಲಿನ ತೂತುಗಳಲ್ಲೇ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಸ್ನೇಹಿತರು ನೋಡಿದ ಪುಡಿ ಇದೇ.

ಇನ್ನೂ ಕೆಲವು ಇವೆ. ಹಳೇ ನೆಲ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿದರೆ ನೆಲದ ತೇವಕ್ಕೆ ಮೇಲೆ ಬರಲು ಜಾಗ ಸಿಗದೆ ಅದು ಗೋಡೆ ಹತ್ತುತ್ತದೆ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾದರೆ ಕಟ್ಟಡದ ಪಾಯದ ಪಟ್ಟಿ ಮಣ್ಣಲ್ಲಿ ಹೂತುಹೋಗುತ್ತದೆ. ಮಾಡಿನ ಮರದ ತೊಲೆ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಗೋಡೆಯೊಳಗೆ ಸೇರಿದ ತುದಿ ಮಾತ್ರ ಕೊಳೆತಿರುತ್ತದೆ. ನಾನು ಯಾವ ಚರ್ಚಿಗೆ ಹೋದರೂ ಮೊದಲು ತಟ್ಟಿ ನೋಡುವುದು ಆ ತುದಿಯನ್ನೇ. ಸದ್ದು ಬೊದ್ದಾಗಿ ಬಂದರೆ ಕೆಲಸ ಇದೆ ಅಂತ ಅರ್ಥ.

"ಸುಣ್ಣ ಬೇಡ ಸರ್, ತಡ ಆಗುತ್ತೆ" ಅನ್ನುವವರೇ ಜಾಸ್ತಿ. ತಡ ಆಗುವುದು ನಿಜ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ವಾರಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಮರಳು, ಸುರ್ಕಿ ಅಂದರೆ ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ನಾವು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನೂ ಹಾಕುತ್ತೇವೆ. ಅಳಲೆ ಮರ, ಮರಾಠಿಯ ಹಿರಡಾ, ಈ ಬೆಟ್ಟದ ಕಾಡಿನಲ್ಲೇ ಬೇಕಾದಷ್ಟಿದೆ. ಬಳಿದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಲ್ಲಿಯವರೆಗೆ ಒದ್ದೆ ಗೋಣಿ ತಾಟು ಹೊದಿಸಿ ಕಾಯಬೇಕು. ನವೆಂಬರಿನಿಂದ ಏಪ್ರಿಲ್ ತನಕ ಮಾತ್ರ ಕೆಲಸ. ಸೀಸನ್ ಒಳಗೆ ಮುಗಿಸಿ ಅಂದರೆ ಆಗುವುದಿಲ್ಲ, ಈಗ ಹಾಗೆ ಕೇಳುವ ಕೆಲಸ ನಾನು ಒಪ್ಪುವುದೂ ಇಲ್ಲ.

2001ರಲ್ಲಿ ಕೇಂದ್ರ ಸರ್ಕಾರ ಮಹಾಬಳೇಶ್ವರ ಮತ್ತು ಪಂಚಗಣಿಯನ್ನು ಪರಿಸರ ಸೂಕ್ಷ್ಮ ವಲಯ ಎಂದು ಘೋಷಿಸಿತು. ಹೊಸ ಕಟ್ಟಡಗಳಿಗೆ ಅದರಿಂದ ಸ್ವಲ್ಪ ಲಗಾಮು ಬಿದ್ದಿದೆ. ಆದರೆ ಯಾವ ಹಳೇ ಗೋಡೆಗೆ ಯಾರು ಯಾವಾಗ ಒಂದು ಚೀಲ ಸಿಮೆಂಟ್ ಬಳಿಯುತ್ತಾರೆ ಅಂತ ಕಾಯುತ್ತಾ ನಿಲ್ಲಲು ಯಾವ ಕಾನೂನಿಗೂ ಆಗುವುದಿಲ್ಲ, ಅಲ್ವಾ? ಕೀಲಿಕೈ ಇಟ್ಟುಕೊಂಡವರಿಗೇ ಗೊತ್ತಿರಬೇಕು. ನಿಮಗೆ ಅಂಥ ಚರ್ಚಿನ, ಗುಡಿಯ, ಮನೆಯ ಉಸ್ತುವಾರಿ ಇದ್ದರೆ ದೊಡ್ಡ ಖರ್ಚಿನ ಮಾತು ಆಮೇಲೆ. ಜೂನ್ ಆರಂಭದ ಮಿರಗದ ಮಳೆ ಬೀಳುವ ಮೊದಲು ಮಾಡಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಸಿ, ಮಂಗಗಳು ಒಡೆದ ಹಂಚು ಬದಲಿಸಿ. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಸುಮ್ನೆ ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ, ಬುಡಕ್ಕೆ ಕತ್ತರಿಸಿ ಬೇರು ಸಾಯಿಸಿ. ಮಳೆ ಮುಗಿದು ಗೋಡೆ ಒಣಗಿದ ಮೇಲೆ ಒಂದು ಕೈ ಸುಣ್ಣ ಬಳಿಯಿರಿ.

ಆ ಬಂಗಲೆಯ ಸಿಮೆಂಟ್ ಪೂರ್ತಿ ಬಿಡಿಸಲು ಎರಡು ಚಳಿಗಾಲ ಹಿಡಿಯಿತು. ಮಾಲೀಕರು ದೊಡ್ಡ ಮನಸ್ಸಿನವರು, ಮತ್ತೆ ನನ್ನನ್ನೇ ಕರೆದರು. ಹಾಳಾದ ಕಲ್ಲು ತೆಗೆದು, ಹಳೇ ಕಾಂಪೌಂಡಿನಲ್ಲಿ ಬಿದ್ದಿದ್ದ ಚಿರೆಕಲ್ಲನ್ನೇ ಕೂರಿಸಿ ಗಾರೆ ಮಾಡಿದೆವು. ಅದರ ಮುಂದಿನ ಮಳೆಗಾಲ ಕಳೆದು ಡಿಸೆಂಬರಿನಲ್ಲಿ ಹೋದಾಗ ಗೌಂಡಿ ಗೋಡೆಗೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತರು. "ಒಣಗೇತ್ರಿ" ಅಂದರು. ಆಮೇಲೆ ಕಣಿವೆ ಕಡೆ ನೋಡಿ, "ಇಲ್ಲಿ ಬಿದ್ದ ಮಳಿ ವೆಣ್ಣಾದಾಗ ಹೋಗಿ, ಕೃಷ್ಣಾದಾಗ ಕೂಡಿ, ನಮ್ಮ ಆಲಮಟ್ಟಿಗೇ ಬರತದ್ರಿ" ಅಂದರು.

ಪಶ್ಚಿಮದ ಗೋಡೆ ಆಗಿನ್ನೂ ಬಾಕಿ ಇತ್ತು. ಅದಕ್ಕೆ ಬೇಕಾದ ಸುಣ್ಣ ಗುಂಡಿಯಲ್ಲಿ ನೆನೆಯುತ್ತಿತ್ತು.