ಬ್ಯಾರೆಲ್ ಬದಲಿಸೋದು ಐದು ನಿಮಿಷ, ಆಮೇಲಿನ ಕೆಲಸಕ್ಕೆ ಸಮಯ ಕೊಡಿ

ರೈಫಲ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಹೊಸದಾಗಿ ಮಾಡ್ಯುಲರ್ ರೈಫಲ್, ಅಂದರೆ ಬ್ಯಾರೆಲ್ ಬದಲಿಸಿ ಬೇರೆ ಬೇರೆ ಕ್ಯಾಲಿಬರ್‌ಗೆ (ಗುಂಡಿನ ಅಳತೆಗೆ) ಒಗ್ಗಿಸಬಹುದಾದ ರೈಫಲ್, ಕೊಂಡವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಬ್ಯಾರೆಲ್ ಬದಲಿಸಲು ಎಷ್ಟು ಹೊತ್ತು ಬೇಕು? ಐದು ನಿಮಿಷ ಸಾಕು. ಅಕ್ಯುರಸಿ ಇಂಟರ್‌ನ್ಯಾಷನಲ್‌ನ ಎಎಕ್ಸ್‌ಎಸ್‌ಆರ್ ಆದರೆ 4 ಮಿ.ಮೀ. ಅಲೆನ್ ಕೀ ಒಂದಿದ್ದರೆ ಆಯಿತು, ಲಾಕ್ ಸ್ಕ್ರೂ ಸಡಿಲಿಸಿ ಬ್ಯಾರೆಲನ್ನು ಕೈಯಿಂದಲೇ ತಿರುಗಿಸಿ ತೆಗೆಯಬಹುದು. ಬ್ಯಾರೆಟ್ ಎಂಆರ್‌ಎಡಿಯಲ್ಲಿ ರಿಸೀವರ್‌ನ (ಬ್ಯಾರೆಲ್, ಬೋಲ್ಟ್ ಕೂರುವ ಮೂಲ ಚೌಕಟ್ಟು) ಎರಡು ಟಾರ್ಕ್ಸ್ ಸ್ಕ್ರೂ ಸಡಿಲಿಸಿದರೆ ಬ್ಯಾರೆಲ್ ಮುಂದಕ್ಕೆ ಜಾರಿ ಬರುತ್ತದೆ. ಇಷ್ಟು ಸುಲಭ ಇರುವುದರಿಂದಲೇ ಜನ ಇದನ್ನು ಹಗುರವಾಗಿ ತಗೊಳ್ತಾರೆ. ನನಗೆ ಚಿಂತೆ ಇರುವುದು ಅಲ್ಲೇ.

ಹಳೆಯ ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಬ್ಯಾರೆಲ್ ತೆಗೆಯಬೇಕು ಅಂದರೆ ವೈಸ್ ಬೇಕಿತ್ತು, ಆಕ್ಷನ್ ವ್ರೆಂಚ್ ಬೇಕಿತ್ತು, ಬಲವಾದ ತೋಳು ಬೇಕಿತ್ತು. ಹೊಸ ಬ್ಯಾರೆಲ್ ಹಾಕುವಾಗ ಕುಶಲಕರ್ಮಿ ಒಬ್ಬ ಚೇಂಬರ್ (ಬ್ಯಾರೆಲ್‌ನ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಎಷ್ಟು ಆಳ ಕೊರೆಯಬೇಕು ಎಂದು ಅದೇ ಆಕ್ಷನ್‌ಗೆ (ಬೋಲ್ಟ್ ಓಡಾಡುವ ಭಾಗ), ಅದೇ ಬೋಲ್ಟ್‌ಗೆ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಅಳತೆ ಹಾಕಿ ಕೊರೆಯುತ್ತಿದ್ದ. ಅಂದರೆ ಪ್ರತಿ ಸಲವೂ ತಿಳಿದವರ ಕಣ್ಣು ಅದರ ಮೇಲೆ ಬೀಳುತ್ತಿತ್ತು. ಮಾಡ್ಯುಲರ್ ರೈಫಲ್ ಆ ಕೆಲಸವನ್ನು ಕಾರ್ಖಾನೆಯಲ್ಲೇ ಮುಗಿಸಿ ಕಳಿಸುತ್ತದೆ. ಚೇಂಬರ್ ಕೊರೆದ ಆಳ, ಬ್ಯಾರೆಲ್ ಕೂರುವ ಭುಜ, ಬೋಲ್ಟ್ ಕಚ್ಚಿಕೊಳ್ಳುವ ಜಾಗ, ಎಲ್ಲವೂ ಎಷ್ಟು ನಿಖರವಾಗಿರುತ್ತವೆ ಅಂದರೆ ಯಾವ ಬ್ಯಾರೆಲ್ ತಂದು ಹಾಕಿದರೂ ಸರಿಯಾಗಿ ಕೂರಬೇಕು. ಹೆಚ್ಚಿನ ಸಲ ಕೂರುತ್ತದೆ ಕೂಡ. ಆದರೆ ತಪಾಸಣೆ ಮಾಡುತ್ತಿದ್ದ ಆ ಕಣ್ಣು ಈಗ ಇಲ್ಲ. ಆ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಮೊದಲು ಕ್ಯಾಲಿಬರ್ ವಿಷಯ. ಯಾವುದರಿಂದ ಯಾವುದಕ್ಕೆ ಹೋಗಲು ಏನೇನು ಬದಲಿಸಬೇಕು ಅನ್ನೋದನ್ನು ತೀರ್ಮಾನಿಸುವುದು ಎರಡೇ ಅಳತೆ: ಕಾರ್ಟ್ರಿಜ್‌ನ (ಕೇಸ್, ಮದ್ದು, ಗುಂಡು ಸೇರಿದ ಇಡೀ ತೋಟಾ) ತಳದ ಅಗಲ ಮತ್ತು ಒಟ್ಟು ಉದ್ದ. .308 ವಿಂಚೆಸ್ಟರ್, 6.5 ಕ್ರೀಡ್‌ಮೋರ್, .243 ವಿಂಚೆಸ್ಟರ್, .260 ರೆಮಿಂಗ್ಟನ್, ಇವೆಲ್ಲದರ ತಳ ಸುಮಾರು 12 ಮಿ.ಮೀ. ಹಾಗಾಗಿ ಇವುಗಳ ನಡುವೆ ಓಡಾಡಲು ಬ್ಯಾರೆಲ್ ಒಂದೇ ಬದಲಿಸಿದರೆ ಸಾಕು, ಬೋಲ್ಟ್ ಅದೇ ಇರಬಹುದು. .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಹೋದರೆ ತಳ 13.5 ಮಿ.ಮೀ. ಆಗುತ್ತದೆ. .338 ಲಪುವಾ ಮ್ಯಾಗ್ನಮ್ ಇನ್ನೂ ದಪ್ಪ, 14.9 ಮಿ.ಮೀ. ಹತ್ತಿರ. ಅಲ್ಲಿಗೆ ಬೋಲ್ಟ್ ಅಥವಾ ಬೋಲ್ಟ್ ಹೆಡ್ ಬದಲಾಗಲೇಬೇಕು. ಉದ್ದದ ಲೆಕ್ಕವೂ ಹಾಗೇ. .308 ಕಾರ್ಟ್ರಿಜ್ ಸುಮಾರು 71 ಮಿ.ಮೀ., .338 ಲಪುವಾ 93 ಮಿ.ಮೀ.ಗೂ ಜಾಸ್ತಿ, ಆದ್ದರಿಂದ ಮ್ಯಾಗಜೀನ್ ಬೇರೆ, ಕೆಲವು ರೈಫಲ್‌ಗಳಲ್ಲಿ ಮ್ಯಾಗಜೀನ್ ಕೂರುವ ಜಾಗಕ್ಕೂ ಒಂದು ಅಡಾಪ್ಟರ್ ಬೇಕು. ಸಣ್ಣ ಆಕ್ಷನ್‌ನ ರೈಫಲ್ ಕೊಂಡು ಮುಂದೆ ಲಪುವಾ ಬ್ಯಾರೆಲ್ ಹಾಕೋಣ ಅಂದುಕೊಂಡವರಿಗೆ ಆ ದಾರಿ ಇಲ್ಲ. ಕೊಳ್ಳುವ ದಿನವೇ ಇದನ್ನು ಯೋಚಿಸಬೇಕು.

ಈಗ ಹೆಡ್‌ಸ್ಪೇಸ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಈ ಮಾತು ಆಡುತ್ತಾರೆ, ಅಳೆದು ನೋಡುವವರು ಕಡಿಮೆ. .308 ಥರದ ಕಾರ್ಟ್ರಿಜ್‌ಗಳಲ್ಲಿ ಬೋಲ್ಟ್ ಮುಚ್ಚಿದಾಗ ಅದರ ಮುಖದಿಂದ ಚೇಂಬರ್‌ನೊಳಗೆ ಕೇಸ್‌ನ ಭುಜ (ಕುತ್ತಿಗೆಯ ಕಡೆಗೆ ಕಿರಿದಾಗುವ ಜಾಗ) ತಾಗಿ ನಿಲ್ಲುವ ಗೆರೆಯವರೆಗಿನ ದೂರವೇ ಹೆಡ್‌ಸ್ಪೇಸ್. ದೂರ ಕಡಿಮೆಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ, ಅಥವಾ ಬಲವಂತವಾಗಿ ಮುಚ್ಚಬೇಕಾಗುತ್ತದೆ. ಜಾಸ್ತಿಯಾದರೆ ಗುಂಡು ಹಾರಿದಾಗ ಹಿತ್ತಾಳೆಯ ಕೇಸ್‌ನ ಮುಂಭಾಗ ಚೇಂಬರ್ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಹಿಂಭಾಗ ಬೋಲ್ಟ್ ಕಡೆಗೆ ಹಿಗ್ಗುತ್ತದೆ, ಮತ್ತು ತಳದಿಂದ ಸ್ವಲ್ಪ ಮೇಲೆ ಕೇಸ್ ತೆಳುವಾಗಿ ಕೊನೆಗೆ ಅಲ್ಲೇ ಹರಿಯಬಹುದು. .308ರ ಒತ್ತಡದ ಮಿತಿ 62,000 ಪಿಎಸ್‌ಐ. ಆ ಒತ್ತಡದ ಅನಿಲ ಹಿಂದಕ್ಕೆ ನುಗ್ಗಿದರೆ ಎದುರಿಗಿರುವುದು ನಿಮ್ಮ ಮುಖ.

ಇಷ್ಟು ದೊಡ್ಡ ವಿಷಯ ಎಷ್ಟು ಸಣ್ಣ ಅಂತರದ ಮೇಲೆ ನಿಂತಿದೆ ನೋಡಿ. ಹೆಡ್‌ಸ್ಪೇಸ್ ನೋಡಲು ಚೇಂಬರ್‌ಗೆ ಹಾಕುವ ಉಕ್ಕಿನ ಅಳತೆ ತುಂಡುಗಳೇ ಗೇಜ್. .308ಕ್ಕೆ ಗೋ ಗೇಜ್ 41.40 ಮಿ.ಮೀ., ನೋ-ಗೋ ಗೇಜ್ 41.50 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಬೋಲ್ಟ್ ಮುಖದಲ್ಲಿ ಅಂಟಿದ ಹಿತ್ತಾಳೆ ಚೂರು, ಬ್ಯಾರೆಲ್ ಭುಜದಲ್ಲಿ ಸಿಕ್ಕಿಕೊಂಡ ಮರಳಿನ ಕಣ ಕೂಡ ಈ ಅಳತೆಯನ್ನು ತಪ್ಪಿಸಬಲ್ಲದು. ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ನೋಡುವಾಗ ಫೈರಿಂಗ್ ಪಿನ್ ಮತ್ತು ಎಜೆಕ್ಟರ್ ತೆಗೆದಿಡಿ, ಬೋಲ್ಟನ್ನು ಎರಡು ಬೆರಳಿನಿಂದ ಮಾತ್ರ ಒತ್ತಿ. ಕೈ ಬಲ ಹಾಕಿದರೆ ಉಕ್ಕಿನ ಗೇಜ್ ಕೂಡ ಸುಳ್ಳು ಹೇಳುತ್ತದೆ. ಒಂದೇ ಕಂಪನಿಯ ಬ್ಯಾರೆಲ್, ಅದೇ ರೈಫಲ್‌ಗೆ ಬಂದ ಬೋಲ್ಟ್ ಆದರೆ ಪ್ರತಿ ಸಲ ಗೇಜ್ ಹಾಕಬೇಕಿಲ್ಲ, ಮೊದಲ ಸಲ ಹಾಕಿದರೆ ಸಾಕು. ಬೇರೆ ತಯಾರಕರ ಬ್ಯಾರೆಲ್, ಸೆಕೆಂಡ್ ಹ್ಯಾಂಡ್ ಬ್ಯಾರೆಲ್, ಹೊಸ ಬೋಲ್ಟ್ ಹೆಡ್, ಈ ಮೂರರಲ್ಲಿ ಯಾವುದಿದ್ದರೂ ಗೇಜ್ ಇಲ್ಲದೆ ಹಾರಿಸಬೇಡಿ. ನಿಮ್ಮ ಬಳಿ ಇಲ್ಲದಿದ್ದರೆ ಇರುವವರ ಹತ್ತಿರ ತಗೊಂಡು ಹೋಗಿ.

ಬದಲಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈಪಿಡಿ ಇದೆ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿ ಇದೆಯಾ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ, ಬೋಲ್ಟ್ ಹೊರಗಿಡಿ. ಬಿಸಿ ಬ್ಯಾರೆಲ್ ಆರಲಿ. ಕೂರುವ ಮೇಲ್ಮೈಗಳನ್ನು ಒರೆಸಿ, ಕೈಪಿಡಿ ಎಲ್ಲಿ ಗ್ರೀಸ್ ಹಚ್ಚು ಅನ್ನುತ್ತದೋ ಅಲ್ಲಿ ಮಾತ್ರ ಹಚ್ಚಿ. ಸ್ಕ್ರೂ ಒಂದಕ್ಕಿಂತ ಜಾಸ್ತಿ ಇದ್ದರೆ ಒಂದನ್ನೇ ಪೂರ್ತಿ ಬಿಗಿ ಮಾಡದೆ ಸ್ವಲ್ಪ ಸ್ವಲ್ಪ ಸರದಿಯಲ್ಲಿ ಬಿಗಿ ಮಾಡಿ.

ಟಾರ್ಕ್, ಅಂದರೆ ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ, ಇದನ್ನು ಮಾತ್ರ ವಿವರವಾಗಿ ಹೇಳಬೇಕು. ಕೈಪಿಡಿಯಲ್ಲಿ ಅಂಕಿ ಇಂಚು-ಪೌಂಡ್‌ನಲ್ಲಿ ಇರುತ್ತದೆ, ನಿಮ್ಮ ವ್ರೆಂಚ್ ನ್ಯೂಟನ್-ಮೀಟರ್‌ನಲ್ಲಿ ಇರುತ್ತದೆ. 1 ನ್ಯೂಟನ್-ಮೀಟರ್ ಅಂದರೆ 8.85 ಇಂಚು-ಪೌಂಡ್. ಈ ಎರಡನ್ನು ಬೆರೆಸಿಕೊಂಡು ಸ್ಕ್ರೂ ತಲೆ ಕಿತ್ತುಕೊಂಡು ಬಂದವರನ್ನು ನೋಡಿದ್ದೇನೆ. ಇನ್ನೊಂದು, ವ್ರೆಂಚ್ ತನ್ನ ವ್ಯಾಪ್ತಿಯ ತೀರಾ ಕೆಳತುದಿಯಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ, ಆದ್ದರಿಂದ ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ವ್ರೆಂಚ್ ಇಲ್ಲಿಗೆ ಬೇಡ. ಕ್ಲಿಕ್ ಆಗುವ ವ್ರೆಂಚ್ ಆದರೆ ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲಿಸಿ ಕನಿಷ್ಠ ಅಂಕಿಗೆ ಇಟ್ಟು ಎತ್ತಿಡಿ. ಇಷ್ಟೆಲ್ಲ ಯಾಕೆ ಅಂದರೆ, ಬ್ಯಾರೆಲ್ ಪ್ರತಿ ಸಲ ಅದೇ ಜಾಗಕ್ಕೆ, ಅದೇ ಬಿಗಿತದಲ್ಲಿ ಬಂದು ಕೂತರೆ ಮಾತ್ರ ಗುಂಡು ಅದೇ ಜಾಗಕ್ಕೆ ಹೋಗುತ್ತದೆ. ಇವತ್ತು ಒಂದು ಬಿಗಿತ, ನಾಳೆ ಇನ್ನೊಂದು ಬಿಗಿತ ಆದರೆ ರೈಫಲ್‌ನ ಮೇಲೆ ದೂರು ಹೇಳಿ ಪ್ರಯೋಜನ ಇಲ್ಲ.

ಜೀರೋ, ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಮಾಡಿದ ಸ್ಕೋಪ್‌ನ ಹೊಂದಾಣಿಕೆ, ಉಳಿಯುತ್ತಾ? ಇದು ಎರಡನೇ ದೊಡ್ಡ ಪ್ರಶ್ನೆ, ಮತ್ತು ಇದರೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಬ್ಯಾರೆಲ್ ತೆಗೆದು ಅದನ್ನೇ ಮತ್ತೆ ಹಾಕಿದರೆ ಜೀರೋ ಹತ್ತಿರಹತ್ತಿರ ಅಲ್ಲೇ ಇರುತ್ತದೆಯೇ? ಒಳ್ಳೆಯ ರೈಫಲ್‌ನಲ್ಲಿ, ಶುದ್ಧವಾಗಿ ಸರಿಯಾಗಿ ಬಿಗಿ ಮಾಡಿದರೆ, ಹೌದು. ಬದಲಾದರೆ ಒಂದೆರಡು ಕ್ಲಿಕ್, ಅಂದರೆ 0.1 ಮಿಲ್ (ಮಿಲ್ ಒಂದು ಕೋನದ ಅಳತೆ) ಕ್ಲಿಕ್‌ನ ಸ್ಕೋಪ್‌ನಲ್ಲಿ 100 ಮೀಟರ್‌ಗೆ ಒಂದೆರಡು ಸೆಂಟಿಮೀಟರ್. ಬೇರೆ ಬ್ಯಾರೆಲ್ ಹಾಕಿದರೆ ಅದೇ ಜೀರೋ ಇರುತ್ತದೆಯೇ? ಇರುವುದಿಲ್ಲ, ಯಾವ ಕಂಪನಿಯೂ ಹಾಗೆ ಮಾಡಿಕೊಡಲಾರದು. ಬೇರೆ ಬ್ಯಾರೆಲ್, ಬೇರೆ ಗುಂಡು, ಬೇರೆ ವೇಗ, ಬೇರೆ ಕಂಪನ. ಬ್ಲೇಸರ್ ಆರ್8 ಸ್ಕೋಪನ್ನು ಬ್ಯಾರೆಲ್ ಮೇಲೆಯೇ ಕೂರಿಸುತ್ತದೆ, ಹಾಗಾಗಿ ಪ್ರತಿ ಬ್ಯಾರೆಲ್‌ಗೆ ಒಂದು ಸ್ಕೋಪ್ ಇಟ್ಟುಕೊಂಡರೆ ಜೋಡಿ ಒಡೆಯುವುದೇ ಇಲ್ಲ. ಬೇಟೆಗಾರರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ದೂರದ ಗುರಿಯ ರೈಫಲ್‌ಗಳಲ್ಲಿ ಸ್ಕೋಪ್ ಸಾಮಾನ್ಯವಾಗಿ ರಿಸೀವರ್ ಮೇಲೆ ಇರುತ್ತದೆ, ಅಲ್ಲಿ ಲೆಕ್ಕ ಇಟ್ಟುಕೊಳ್ಳುವುದು ನಿಮ್ಮ ಜವಾಬ್ದಾರಿ.

ನಾನು ಹೇಳಿಕೊಡುವ ರೀತಿ ಇದು. ಒಂದು ಬ್ಯಾರೆಲನ್ನು ಮೂಲ ಅಂತ ಆರಿಸಿ ಸ್ಕೋಪ್‌ನ ಟರೆಟ್ (ಗುರಿ ಹೊಂದಿಸಲು ತಿರುಗಿಸುವ ಗುಬುಟು) ಅದಕ್ಕೆ ಸೊನ್ನೆ ಮಾಡಿ. ಉಳಿದ ಬ್ಯಾರೆಲ್‌ಗಳಿಗೆ ಟರೆಟ್ ಬಿಚ್ಚಿ ಸೊನ್ನೆ ಮಾಡಲು ಹೋಗಬೇಡಿ. ಮೂಲದಿಂದ ಎಷ್ಟು ದೂರ ಅಂತ ಬರೆದಿಡಿ, ಉದಾಹರಣೆಗೆ 6.5 ಬ್ಯಾರೆಲ್: 0.4 ಮಿಲ್ ಮೇಲೆ, 0.2 ಮಿಲ್ ಎಡಕ್ಕೆ. ಬ್ಯಾರೆಲ್ ಹಾಕಿದಾಗ ಅಷ್ಟು ಕ್ಲಿಕ್ ತಿರುಗಿಸಿ, ಮೂರರಿಂದ ಐದು ಗುಂಡು ಹಾರಿಸಿ ಖಾತ್ರಿ ಮಾಡಿಕೊಳ್ಳಿ. ಎಣ್ಣೆ ಹಚ್ಚಿ ಎತ್ತಿಟ್ಟಿದ್ದ ಬ್ಯಾರೆಲ್‌ನ ಮೊದಲ ಗುಂಡು ಬೇರೆ ಕಡೆ ಹೋಗಬಹುದು, ಅದನ್ನು ಲೆಕ್ಕಕ್ಕೆ ತಗೋಬೇಡಿ. ಮೂಲ ಯಾವುದಾಗಬೇಕು ಅನ್ನುವುದರಲ್ಲೂ ಒಂದು ಸೂಕ್ಷ್ಮ ಇದೆ: ಎಲ್ಲಕ್ಕಿಂತ ಮೇಲೆ ಗುಂಡು ಬೀಳಿಸುವ ಬ್ಯಾರೆಲ್‌ಗೆ ಜೀರೋ ಸ್ಟಾಪ್ (ಟರೆಟ್ ಸೊನ್ನೆಗಿಂತ ಕೆಳಗೆ ತಿರುಗದಂತೆ ತಡೆಯುವ ಏರ್ಪಾಡು) ಹೊಂದಿಸಿ. ಇಲ್ಲದಿದ್ದರೆ ಆ ಬ್ಯಾರೆಲ್ ಹಾಕಿದ ದಿನ ಕೆಳಗೆ ತಿರುಗಿಸಬೇಕಾಗುತ್ತದೆ, ಆದರೆ ಸ್ಟಾಪ್ ತಡೆದು ನಿಲ್ಲಿಸುತ್ತದೆ. ಮೈದಾನದಲ್ಲಿ ನಿಂತು ಟರೆಟ್ ಬಿಚ್ಚುವ ಪರಿಸ್ಥಿತಿ ಯಾರಿಗೂ ಬೇಡ. ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಕ್ಯಾಲ್ಕುಲೇಟರ್‌ನಲ್ಲೂ ಪ್ರತಿ ಬ್ಯಾರೆಲ್‌ಗೆ ಬೇರೆ ಪ್ರೊಫೈಲ್ ಬೇಕು, ವೇಗ ನೀವೇ ಕ್ರೋನೋಗ್ರಾಫ್‌ನಲ್ಲಿ ಅಳೆದದ್ದಾಗಿರಬೇಕು, ಡಬ್ಬಿಯ ಮೇಲೆ ಬರೆದದ್ದಲ್ಲ. ಹೊಸ ಬ್ಯಾರೆಲ್ ಮೊದಲ ನೂರಿನ್ನೂರು ಗುಂಡುಗಳಲ್ಲಿ ಸ್ವಲ್ಪ ವೇಗ ಏರಿಸಿಕೊಳ್ಳುವುದು ಸಾಮಾನ್ಯ, ಹಾಗಾಗಿ ಆಮೇಲೆ ಮತ್ತೊಮ್ಮೆ ಅಳೆಯಿರಿ.

ಇನ್ನು ನಿಜವಾದ ಅಪಾಯದ ಮಾತು. ಬ್ಯಾರೆಲ್ ಬದಲಿಸುವ ಮೇಜಿನ ಮೇಲೆ ಒಂದೇ ಕ್ಯಾಲಿಬರ್‌ನ ಮದ್ದುಗುಂಡು ಇರಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. .300 ಬ್ಲ್ಯಾಕ್‌ಔಟ್ ಕಾರ್ಟ್ರಿಜ್ .223ರ ಚೇಂಬರ್‌ಗೆ ಹೋಗಿ ರೈಫಲ್ ಸಿಡಿದ ಘಟನೆಗಳು ಎಲ್ಲರಿಗೂ ಗೊತ್ತು: ಎರಡಕ್ಕೂ ಒಂದೇ ಬೋಲ್ಟ್, ಒಂದೇ ಮ್ಯಾಗಜೀನ್, ಆದರೆ 7.8 ಮಿ.ಮೀ. ಗುಂಡು 5.7 ಮಿ.ಮೀ. ಕೊಳವೆಯಲ್ಲಿ ಹೋಗಲು ಜಾಗ ಇಲ್ಲ. ದೊಡ್ಡ ರೈಫಲ್‌ಗಳಲ್ಲಿ ಉಲ್ಟಾ ತಪ್ಪು ಸುಲಭ. 6.5 ಕ್ರೀಡ್‌ಮೋರ್ ಕಾರ್ಟ್ರಿಜ್ .308 ಚೇಂಬರ್‌ನೊಳಗೆ ಹೋಗಿಬಿಡಬಹುದು, ಬೋಲ್ಟ್ ಮುಚ್ಚಲೂಬಹುದು. ಗುಂಡು ಸಣ್ಣದು, ಕೊಳವೆ ದೊಡ್ಡದು, ಕೇಸ್‌ಗೆ ಭುಜ ತಾಗುವ ಆಸರೆಯೂ ಇಲ್ಲ. ಬೋಲ್ಟ್ ಹಂಚಿಕೊಳ್ಳುವ ಕ್ಯಾಲಿಬರ್‌ಗಳ ನಡುವೆ ಬದಲಿಸುವುದೇ ಹೆಚ್ಚು ಸುಲಭ ಅಂದೆನಲ್ವಾ, ಅದೇ ಕಾರಣಕ್ಕೆ ಅಲ್ಲೇ ಹೆಚ್ಚು ಎಚ್ಚರ ಬೇಕು. ಪ್ರತಿ ಬ್ಯಾರೆಲ್‌ಗೂ ಅದರ ಮ್ಯಾಗಜೀನ್‌ಗೂ ಒಂದೇ ಬಣ್ಣದ ಟೇಪ್ ಸುತ್ತಿ. ಬ್ಯಾರೆಲ್ ಮೇಲೆ ಕೆತ್ತಿರುವ ಹೆಸರನ್ನೂ ಕಾರ್ಟ್ರಿಜ್ ತಳದ ಮೇಲಿನ ಹೆಸರನ್ನೂ ಬಾಯಿ ಬಿಟ್ಟು ಓದಿ. ಸುಮ್ನೆ ಕಣ್ಣಾಡಿಸಿದರೆ ಸಾಲದು.

ಮೂತಿಯ ಕಡೆಗೂ ಗಮನ ಇರಲಿ. ಮಜಲ್ ಬ್ರೇಕ್ (ಒದೆತ ತಗ್ಗಿಸುವ ಭಾಗ), ಸಪ್ರೆಸರ್ (ಸದ್ದು ತಗ್ಗಿಸುವ ಭಾಗ) ಇವುಗಳ ಥ್ರೆಡ್ ಎಲ್ಲ ಬ್ಯಾರೆಲ್‌ಗೂ ಒಂದೇ ಅಳತೆಯದಾಗಿದ್ದರೆ 6.5ರ ಸಪ್ರೆಸರ್ .308 ಬ್ಯಾರೆಲ್‌ಗೆ ಆರಾಮಾಗಿ ಕೂರುತ್ತದೆ, ಆಮೇಲೆ ಗುಂಡು ಒಳಗಿನ ತಟ್ಟೆಗಳಿಗೆ ಬಡಿಯುತ್ತದೆ. ದೊಡ್ಡ ಕ್ಯಾಲಿಬರ್‌ನ ಸಪ್ರೆಸರ್ ಸಣ್ಣ ಬ್ಯಾರೆಲ್‌ಗೆ ಹಾಕಬಹುದು, ಸಣ್ಣದು ದೊಡ್ಡದಕ್ಕೆ ಯಾವತ್ತೂ ಬೇಡ. ಮೊದಲ ಗುಂಡಿಗೆ ಮುಂಚೆ ಬೋಲ್ಟ್ ತೆಗೆದು ಕೊಳವೆಯ ಮೂಲಕ ಬೆಳಕು ನೋಡಿ. ಎತ್ತಿಡುವಾಗ ತುರುಕಿದ ಬಟ್ಟೆ ಚೂರು ಒಳಗೇ ಉಳಿದಿರಬಹುದು.

ಕಾನೂನಿನ ವಿಷಯ ದೇಶಕ್ಕೊಂದು ಥರ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ರಿಸೀವರ್ ಮಾತ್ರ ಬಂದೂಕು, ಬ್ಯಾರೆಲ್ ಬಿಡಿಭಾಗ. ಐರೋಪ್ಯ ಒಕ್ಕೂಟದ ಬಂದೂಕು ನಿರ್ದೇಶನದ ಪ್ರಕಾರ ಬ್ಯಾರೆಲ್, ಬೋಲ್ಟ್ ಎರಡೂ ಅಗತ್ಯ ಭಾಗಗಳು, ಅವುಗಳಿಗೂ ಬಂದೂಕಿನದೇ ನಿಯಮ. ನಿಮ್ಮಲ್ಲಿ ಪ್ರತಿ ಬ್ಯಾರೆಲನ್ನೂ ಪರವಾನಗಿಯಲ್ಲಿ ಬರೆಸಬೇಕಾ ಅಂತ ಆರ್ಡರ್ ಮಾಡುವ ಮೊದಲೇ ವಿಚಾರಿಸಿ.

ಕೊನೆಯದಾಗಿ, ಯಾವ ಕ್ಯಾಲಿಬರ್‌ನ ಕಿಟ್ ಮೊದಲು ತಗೊಳ್ಳಲಿ ಎಂದು ಕೇಳುವವರಿಗೆ. ಅಮೆರಿಕದ ಸ್ಪೆಷಲ್ ಆಪರೇಷನ್ಸ್ ಕಮಾಂಡ್ 2019ರಲ್ಲಿ ಎಂಆರ್‌ಎಡಿಯನ್ನು ಎಂಕೆ22 ಅಂತ ಆರಿಸಿಕೊಂಡಾಗ 7.62 ನ್ಯಾಟೋ, .300 ನಾರ್ಮಾ, .338 ನಾರ್ಮಾ ಮೂರೂ ಒಂದೇ ರೈಫಲ್‌ನಲ್ಲಿ ಬೇಕಿತ್ತು, ಅವರ ಕೆಲಸಕ್ಕೆ ಅದು ಸರಿ. ಸ್ಪರ್ಧೆಗೆ ಅಭ್ಯಾಸ ಮಾಡುವವರಿಗೆ ನನ್ನ ಸಲಹೆ ಬೇರೆ. ಬ್ಯಾರೆಲ್ ಸವೆಯುವ ವಸ್ತು. ಚೇಂಬರ್ ಮುಂದಿನ ಗಂಟಲು ಬಿಸಿ ಅನಿಲಕ್ಕೆ ಬಿರುಕು ಬಿಟ್ಟು ಸವೆಯುತ್ತಾ ಹೋಗುತ್ತದೆ. .308 ಬ್ಯಾರೆಲ್ 5,000 ಗುಂಡು ದಾಟಿಯೂ ಚೆನ್ನಾಗಿ ಹೊಡೆಯಬಹುದು, 6.5 ಕ್ರೀಡ್‌ಮೋರ್‌ನದು ಸುಮಾರು 2,000ದಿಂದ 3,000ಕ್ಕೆ ಸ್ಪರ್ಧೆಯ ನಿಖರತೆ ಕಳೆದುಕೊಳ್ಳುತ್ತದೆ, ದೊಡ್ಡ ಮ್ಯಾಗ್ನಮ್‌ಗಳದ್ದು ಇನ್ನೂ ಬೇಗ. ಹೀಗೆ ಸವೆದ ಬ್ಯಾರೆಲ್ ಸೀಸನ್ ಮಧ್ಯದಲ್ಲೇ ಕೈಕೊಡುತ್ತದೆ. ಆದ್ದರಿಂದ ಮೊದಲು ಈಗಿನ ಕ್ಯಾಲಿಬರ್‌ನದೇ ಎರಡನೇ ಬ್ಯಾರೆಲ್ ಕೊಳ್ಳಿ. ಗೇಜ್ ಹಾಕಿ ನೋಡಿ, ನೂರಿನ್ನೂರು ಗುಂಡು ಹಾರಿಸಿ ವೇಗ ಅಳೆದು, ಮೂಲದಿಂದ ಎಷ್ಟು ಕ್ಲಿಕ್ ಅಂತ ಬರೆದು, ಅದೇ ಕವರ್‌ನಲ್ಲಿ ಚೀಟಿ ಹಾಕಿ ಎತ್ತಿಡಿ.