ನದಿಯ ಕಂದು ಬಣ್ಣ ಕಡಲು ಸೇರಿದ ಮೇಲೆ ಏನಾಗುತ್ತದೆ?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸಟಿಲ್ಲಾ ಅನ್ನೋ ನದಿ ಇದೆ. ಜೌಗು ಕಾಡುಗಳ ನಡುವೆ ನಿಧಾನವಾಗಿ ಹರಿದು ಅಟ್ಲಾಂಟಿಕ್ ಸೇರುತ್ತದೆ. ಅದರ ನೀರು ಹಾಲು ಹಾಕದ ಟೀ ಬಣ್ಣದ್ದು. ಅದು ಕೆಸರಿನ ಬಣ್ಣವಲ್ಲ. ಬ್ಯಾಕ್ಟೀರಿಯಾ ಕೂಡ ನುಸುಳದಂಥ ಫಿಲ್ಟರಿನಲ್ಲಿ ಸೋಸಿದರೂ ಹೋಗುವುದಿಲ್ಲ. ಕೊಳೆತ ಎಲೆ, ತೊಗಟೆ, ಕಟ್ಟಿಗೆಯ ಅಂಶ ನೀರಿನಲ್ಲಿ ಪೂರ್ತಿ ಕರಗಿಹೋಗಿದೆ.

ಜಗತ್ತಿನ ನದಿಗಳೆಲ್ಲ ಸೇರಿ ಹೀಗೆ ಕರಗಿದ ಸಾವಯವ ಇಂಗಾಲವನ್ನು ವರ್ಷಕ್ಕೆ ಸುಮಾರು 25 ಕೋಟಿ ಟನ್‌ನಷ್ಟು ಕಡಲಿಗೆ ಸುರಿಯುತ್ತವೆ. ಆದರೆ ನಡುಸಮುದ್ರದ ನೀರಿನಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಹುಡುಕಿದರೆ ಸಿಗುವುದು ತೀರಾ ಕಡಿಮೆ. ಬರೀ ಬೆರೆತು ತೆಳುವಾಯಿತು ಅನ್ನೋಣವೆಂದರೆ, ನದಿಗಳು ಸಾವಿರಾರು ವರ್ಷಗಳಿಂದ ಸುರಿಯುತ್ತಲೇ ಇವೆಯಲ್ವಾ? ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು?

ಉತ್ತರದ ಒಂದು ದೊಡ್ಡ ಪಾಲು ಬಿಸಿಲಿನಲ್ಲಿದೆ. ಆದರೆ ಬಿಸಿಲಿನ ಬಗ್ಗೆ ವಿಜ್ಞಾನಕ್ಕೆ ಮೊದಲು ತಿಳಿದದ್ದು ಅದು ಕೊಲ್ಲುತ್ತದೆ ಅನ್ನೋದು. 1877ರಲ್ಲಿ ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಪೋಷಕ ದ್ರಾವಣ ತುಂಬಿದ ಕೊಳವೆಗಳಲ್ಲಿ ಕೆಲವನ್ನು ಬಿಸಿಲಿಗಿಟ್ಟರು, ಕೆಲವನ್ನು ಬೆಳಕು ತಾಗದಂತೆ ಮುಚ್ಚಿಟ್ಟರು. ಮುಚ್ಚಿಟ್ಟವು ಸೂಕ್ಷ್ಮಾಣು ಬೆಳೆದು ಮಬ್ಬಾದವು, ಬಿಸಿಲಿನವು ತಿಳಿಯಾಗಿಯೇ ಉಳಿದವು. 1960ರ ದಶಕದಲ್ಲಿ ಗೇಮ್ಸನ್ ಮತ್ತು ಸ್ಯಾಕ್ಸನ್ ಚರಂಡಿ ನೀರಿನ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಮಲ ಸೇರಿದೆ ಎಂಬುದರ ಗುರುತು) ಕಡಲ ನೀರಿನಲ್ಲಿ ಹಗಲಿನ ಬೆಳಕಿಗೆ ಹೇಗೆ ಸಾಯುತ್ತವೆ ಎಂದು ಅಳೆದರು. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ನಲ್ಲಿ ಇಂಥ ಸೂಕ್ಷ್ಮಾಣುಗಳ ಲೆಕ್ಕ ರಾತ್ರಿ ಏರಿ ಹಗಲು ಇಳಿಯುವುದು ಕಂಡುಬಂತು. ಬೀಚ್ ನೀರು ಶುದ್ಧ ಅಂತ ವರದಿ ಬಂದರೆ ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದದ್ದು ಎಂದು ಕೇಳಲೇಬೇಕು.

ಇನ್ನೊಂದು ಕಡೆ, ಜರ್ಮನಿಯ ಕುರ್ಟ್ ಕಾಲೆ 1930ರ ದಶಕದಲ್ಲಿ ಬಾಲ್ಟಿಕ್ ಕಡಲಿನ ಬಣ್ಣ ಅಳೆಯುತ್ತಿದ್ದರು. ನೀರಿನಲ್ಲಿ ಕರಗಿದ ಈ ವಸ್ತುವನ್ನು ಅವರು ಹಳದಿ ವಸ್ತು ಎಂದೇ ಕರೆದರು. ಬಹಳ ಕಾಲ ಇದನ್ನು ಯಾರಿಗೂ ಆಹಾರವಾಗದ ಪದಾರ್ಥ ಎಂದೇ ನೋಡಲಾಯಿತು. ಕಡಲಿನ ಒಂದು ಮಿಲಿಲೀಟರ್ ನೀರಿನಲ್ಲಿ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ ಇರುತ್ತವೆ, ಕರಗಿದ ಸಾವಯವ ವಸ್ತುವನ್ನು ಮುಖ್ಯವಾಗಿ ತಿನ್ನುವವು ಅವೇ ಎಂಬುದು 1970, 80ರ ದಶಕಗಳಲ್ಲಿ ಗಟ್ಟಿಯಾಯಿತು. ಆದರೂ ಮರದಿಂದ ಬಂದ ಈ ದೊಡ್ಡ, ಬಿಗಿ ಅಣುಗಳು ಅವಕ್ಕೂ ಸುಲಭದ ತುತ್ತಲ್ಲ.

ಎರಡೂ ಕಥೆ ಸೇರಿದ್ದು 1989ರಲ್ಲಿ. ಡೇವಿಡ್ ಕೀಬರ್, ಕೆನೆತ್ ಮಾಪರ್ ಮತ್ತು ಜೊತೆಗಾರರು ಬಿಸಿಲು ಬಿದ್ದ ಕಡಲ ನೀರಿನಲ್ಲಿ ಪೈರುವೇಟ್ ಎಂಬ ಪುಟ್ಟ ಅಣು ಹುಟ್ಟುವುದನ್ನು ತೋರಿಸಿದರು. ಜೀವಕೋಶಗಳಿಗೆ ಇದು ಚೆನ್ನಾಗಿ ಒಗ್ಗುವ ಆಹಾರ. ಅದು ಹುಟ್ಟುವ ವೇಗಕ್ಕೂ ಸೂಕ್ಷ್ಮಾಣುಗಳು ಅದನ್ನು ತಿನ್ನುವ ವೇಗಕ್ಕೂ ತಾಳೆಯಾಯಿತು. ನನ್ನ ಮಟ್ಟಿಗೆ ಈ ವಿಷಯದ ಇತಿಹಾಸದಲ್ಲಿ ಇದೇ ಅತಿ ದೊಡ್ಡ ತಿರುವು.

ಇಂಥ ಪ್ರಯೋಗ ಮಾಡುವ ರೀತಿ ಸರಳ, ಆದರೆ ಶಿಸ್ತು ಬೇಕು. ಮೊದಲು ನೀರನ್ನು ಸೋಸಿ ಸೂಕ್ಷ್ಮಾಣುಗಳನ್ನು ತೆಗೆಯಬೇಕು. ಆಮೇಲೆ ಕ್ವಾರ್ಟ್ಜ್ ಕೊಳವೆಗೆ ತುಂಬಬೇಕು, ಯಾಕಂದ್ರೆ ಮಾಮೂಲಿ ಗಾಜು ಬೇಕಾದ ನೇರಳಾತೀತ ಕಿರಣವನ್ನೇ ತಡೆದುಬಿಡುತ್ತದೆ. ಅದೇ ನೀರು ತುಂಬಿದ ಇನ್ನೊಂದು ಕೊಳವೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಪಕ್ಕದಲ್ಲೇ ಇಡಬೇಕು. ಕೊಳವೆಗಳು ಕಾಯದಂತೆ ತಣ್ಣೀರಿನಲ್ಲಿ ಮುಳುಗಿಸಿಡಬೇಕು, ಇಲ್ಲವಾದರೆ ಕೆಲಸ ಮಾಡಿದ್ದು ಬೆಳಕೋ ಶಾಖವೋ ಗೊತ್ತಾಗುವುದಿಲ್ಲ. ಕೆಲವು ದಿನಗಳ ನಂತರ ಬಿಸಿಲಿನ ನೀರು ಬಿಳಿಚುತ್ತದೆ. ಆಗ ಎರಡಕ್ಕೂ ಸೂಕ್ಷ್ಮಾಣು ಬಿಟ್ಟು, ಯಾವುದರಲ್ಲಿ ಜಾಸ್ತಿ ಬೆಳೆಯುತ್ತವೆ ನೋಡುವುದು. ಒಂದು ಮಾತು ನೆನಪಿಡಬೇಕು: ಬಣ್ಣ ಹೋದಷ್ಟು ಬೇಗ ಇಂಗಾಲ ಹೋಗುವುದಿಲ್ಲ. ನೀರು ತಿಳಿಯಾಗಿ ಕಂಡರೂ ಕರಗಿದ್ದರಲ್ಲಿ ಸಾಕಷ್ಟು ಉಳಿದಿರುತ್ತದೆ.

1990ರ ದಶಕದಲ್ಲಿ ಫಲಿತಾಂಶಗಳು ಒಂದರ ಹಿಂದೊಂದು ಬಂದವು. ಜಾರ್ಜಿಯಾದ ಮೇರಿ ಆನ್ ಮೊರಾನ್, ರಿಚರ್ಡ್ ಝೆಪ್ ಮುಂತಾದವರು ಸಟಿಲ್ಲಾದಂಥ ನದಿಗಳ ಕರಗಿದ ವಸ್ತುವನ್ನು ಬಿಸಿಲು ಹೇಗೆ ಒಡೆಯುತ್ತದೆ ಎಂದು ವರ್ಷಗಟ್ಟಲೆ ಬೆನ್ನುಹತ್ತಿದರು. ಒಂದು ಪಾಲು ನೇರ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಒಂದು ಪಾಲು ಸಣ್ಣ ಆಮ್ಲಗಳಾಗುತ್ತದೆ, ಜೊತೆಗೆ ಸೂಕ್ಷ್ಮಾಣುಗಳಿಗೆ ಸಾರಜನಕ ಒದಗಿಸುವ ಅಮೋನಿಯಂ ಕೂಡ ಬಿಡುಗಡೆಯಾಗುತ್ತದೆ. ಮಿಸಿಸಿಪ್ಪಿ ನದಿಯ ನೀರನ್ನು ಆಪ್ಸಲ್ ಮತ್ತು ಬೆನ್ನರ್ 28 ದಿನ ಬಿಸಿಲಿಗಿಟ್ಟಾಗ ಕರಗಿದ ಲಿಗ್ನಿನ್‌ನಲ್ಲಿ ಮುಕ್ಕಾಲು ಪಾಲು ಹೋಗಿತ್ತು.

ಅಷ್ಟರಲ್ಲಿ ತದ್ವಿರುದ್ಧ ಫಲಿತಾಂಶವೂ ಬಂತು. 1998ರಲ್ಲಿ ರೊನಾಲ್ಡ್ ಬೆನ್ನರ್ ಮತ್ತು ಬೋಪಯ್ಯ ಬಿದ್ದಂಡ (ಹೆಸರೇ ಕೊಡಗಿನದು) ಆಳದ ನೀರಿಗೆ ಬಿಸಿಲು ತಾಗಿಸಿದಾಗ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದವು. ಮೇಲ್ಪದರದ ನೀರಿಗೆ ತಾಗಿಸಿದಾಗ ಬೆಳವಣಿಗೆ ಕುಗ್ಗಿತು. ಹಳೆಯ, ಗಟ್ಟಿ ವಸ್ತುವನ್ನು ಬಿಸಿಲು ಮೆತ್ತಗೆ ಮಾಡುತ್ತದೆ. ಆಗಷ್ಟೇ ಪಾಚಿಯಿಂದ ಬಂದ ತಾಜಾ ಆಹಾರವನ್ನು ಅದೇ ಬಿಸಿಲು ಕೆಡಿಸಿಬಿಡಬಲ್ಲದು. ಹಾಗಾಗಿ ‘ಬಿಸಿಲು ಒಳ್ಳೆಯದೋ ಕೆಟ್ಟದ್ದೋ’ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ನೀರು ಎಂದು ಮೊದಲು ಹೇಳಬೇಕು.

ಕೊಲ್ಲುವ ಕೆಲಸವೂ ನಿಂತಿಲ್ಲ. 1985ರಲ್ಲಿ ಓಝೋನ್ ರಂಧ್ರದ ಸುದ್ದಿ ಬಂದ ಮೇಲೆ ನೇರಳಾತೀತ ಕಿರಣದ ಅಧ್ಯಯನ ಚುರುಕಾಯಿತು. 1993ರಲ್ಲಿ ಗೆರ್ಹಾರ್ಡ್ ಹೆರ್ನ್ಡಲ್ ತಂಡ ತೀರದ ಬಳಿಯ ನೀರಿನ ಮೇಲಿನ 5 ಮೀಟರ್‌ನಲ್ಲಿ ಬ್ಯಾಕ್ಟೀರಿಯಾ ಚಟುವಟಿಕೆ ಸುಮಾರು ಶೇ. 40ರಷ್ಟು ಕುಗ್ಗುತ್ತದೆ ಎಂದು ಹೇಳಿತು. ಅವು ಸುಮ್ಮನೆ ಸಾಯುವುದೂ ಇಲ್ಲ. ಒಡೆದ ಡಿಎನ್‌ಎಯನ್ನು ನೀಲಿ ಬೆಳಕಿನ ಬಲದಿಂದಲೇ ರಿಪೇರಿ ಮಾಡಿಕೊಳ್ಳುವ ಕಿಣ್ವ ಅನೇಕ ಬ್ಯಾಕ್ಟೀರಿಯಾಗಳಲ್ಲಿದೆ. ಮೇಲಾಗಿ ಆ ಕಂದು ವಸ್ತುವೇ ನೇರಳಾತೀತ ಕಿರಣವನ್ನು ಹೀರಿ ಅವಕ್ಕೆ ನೆರಳು ಕೊಡುತ್ತದೆ. ಅದು ಬಿಳಿಚಿದಂತೆಲ್ಲ ಆಹಾರ ಸಿಗುತ್ತದೆ, ರಕ್ಷಣೆ ಹೋಗುತ್ತದೆ.

ಈಗ ಉತ್ತರ ಯುರೋಪಿನ ಅನೇಕ ಕೆರೆ, ನದಿಗಳು ಮೊದಲಿಗಿಂತ ಕಂದಾಗುತ್ತಿವೆ. ಆಮ್ಲ ಮಳೆ ಕಡಿಮೆಯಾಗಿ, ಮಣ್ಣು ಸಾವಯವ ವಸ್ತುವನ್ನು ಹೆಚ್ಚು ಬಿಟ್ಟುಕೊಡುತ್ತಿರುವುದು ಒಂದು ಮುಖ್ಯ ಕಾರಣ. ಅಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬಿಸಿಲೇ ಸಾಲದು. ನಮ್ಮ ಕರಾವಳಿಯ ತೊಡಕು ಬೇರೆ. ನೇತ್ರಾವತಿ, ಶರಾವತಿ ತುಂಬಿ ಹರಿಯುವ ಜುಲೈ ತಿಂಗಳಲ್ಲಿ ಮೇಲೆ ಮೋಡ, ಕೆಳಗೆ ಕೆಸರು, ಬೆಳಕು ಒಳಗಿಳಿಯುವುದೇ ಕಷ್ಟ. ಮಳೆ ನಿಂತು ಕೆಸರು ತಳ ಸೇರಿದ ಮೇಲೆ ಸ್ಥಿತಿ ಬೇರೆ. ಹಾಗಾಗಿ ಇಲ್ಲಿ ಬಿಸಿಲಿನ ಪಾಲು ತಿಳಿಯಬೇಕಾದರೆ ಮಳೆಗಾಲದ ಸ್ಯಾಂಪಲ್ ಒಂದೇ ಸಾಲದು, ಅಕ್ಟೋಬರ್ ನಂತರದ ತಿಂಗಳುಗಳಲ್ಲೂ ಅಳೆಯಬೇಕು.